ಇರುವೆ ಹತ್ತಿದ ಪೈಪು

ಮಳೆ ಹಿಡಿದು ವಾರವಾಗಿಲ್ಲ, ಇರುವೆಗಳು ಮತ್ತೆ ಬಂದಿವೆ. ಸಕ್ಕರೆ ಡಬ್ಬಿಗೆ ಬಂದಿದ್ದರೆ ನಾನು ಅದನ್ನು ಬರೆಯುತ್ತ ಕೂಡುತ್ತಿರಲಿಲ್ಲ. ಬೆಲ್ಲದ ಗಾಣ ನಡೆಸುವ ಮನೆಗೆ ಸೊಸೆಯಾಗಿ ಬಂದವಳು ಇರುವೆಗೆ ಬೇಜಾರು ಮಾಡಿಕೊಂಡರೆ ಬಾಳುವೆ ಆಗುವುದಿಲ್ಲ. ನಮ್ಮ ಬೇಡಕಿಹಾಳದ ಮನೆಯಲ್ಲಿ ಹಾಸಿಗೆ ಕೊಡವಿದರೆ ಇರುವೆ, ನಮ್ಮ ಯಜಮಾನರ ಅಂಗಿಯ ಕಿಸೆ ತಿರುವಿದರೆ ಅಲ್ಲಿಯೂ ಇರುವೆ. ಆದರೆ ಇವುಗಳ ಬುದ್ಧಿಯನ್ನು ನೀವೇ ನೋಡಿ. ಪಡಸಾಲೆಯಲ್ಲಿ ಬೆಲ್ಲದ ಪೆಂಟೆಗಳು ಸಾಲಾಗಿ ಕೂತಿವೆ. ಅವನ್ನು ದಾಟಿ, ಗೋಡೆ ಹತ್ತಿ, ದೇವರ ಫೋಟೋದ ಚೌಕಟ್ಟನ್ನು ಸುತ್ತು ಹಾಕಿ, ಮೂಲೆಯ ಮಾಡದಲ್ಲಿ ಇಟ್ಟ ಒಂದು ಕಟ್ಟಿಗೆಯ ಪೈಪಿಗೆ ಬಂದು ಸಾಲು ಹಚ್ಚುತ್ತವೆ.

ಆರು ವರ್ಷದಿಂದ ಪ್ರತಿ ಮಳೆಗಾಲಕ್ಕೂ ಇದೇ ಹಾಡು. ಅರಿಸಿನ ಉದುರಿಸಿದೆ, ಸೀಮೆಎಣ್ಣೆ ಒರೆಸಿದೆ, ಔಷಧಿಯ ಬಳಪದಿಂದ ಗೆರೆ ಎಳೆದೆ. ಗೆರೆಯ ಈಚೆ ಒಂದು ದಿನ ನಿಂತು ವಿಚಾರ ಮಾಡಿ, ಮರುದಿನ ಚಾವಣಿಯ ಕಡೆಯಿಂದ ಇಳಿದು ಬಂದವು. ಪೈಪನ್ನು ಹೊರಗೆ ಒಗೆಯಬಹುದಲ್ಲ ಎಂದು ನೀವು ಕೇಳುತ್ತೀರಿ. ನಮ್ಮ ಯಜಮಾನರೂ ಕೇಳುತ್ತಾರೆ. ಒಗೆಯಲಿಕ್ಕೆ ಆಗುವಂತಿದ್ದರೆ ಇಷ್ಟು ವರ್ಷ ಅದರೊಳಗೆ ಸೇಫ್ಟಿ ಪಿನ್ನು ತುಂಬಿಡುತ್ತಿದ್ದೆನೆ?

ಅದು ನಮ್ಮಣ್ಣ ಕಲ್ಲಪ್ಪ ತನ್ನ ಕೈಯಿಂದ ಮಾಡಿದ ತಂಬಾಕಿನ ಪೈಪು. ಜಾಲಿಯ ಬೇರಿನದು, ಬಾಯಿಗೆ ಇಡುವ ತುದಿ ಎಮ್ಮೆಯ ಕೋಡಿನದು. ಅದು ಹಾಳಾದದ್ದು ನನ್ನಿಂದ. ಈ ಮಾತನ್ನು ಎಂಟು ವರ್ಷ ನಾನು ಯಾರ ಮುಂದೆಯೂ ಆಡಲಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಅರ್ಧ ಪುಟ ಬರೆಯುವುದರೊಳಗೆ ಹೆಬ್ಬೆರಳು ನೋಯುತ್ತದೆ. ಆದರೂ ಬರೆಯುತ್ತೇನೆ.

ತಂಬಾಕು ನಮಗೆ ಹೊಸದಲ್ಲ. ಸಣ್ಣವರಿದ್ದಾಗ ನಾವು ನಿಪ್ಪಾಣಿಯಲ್ಲಿ ಒಂದು ಬಾಡಿಗೆ ಖೋಲಿಯಲ್ಲಿದ್ದೆವು. ಅಪ್ಪ ಬಂಡಿಯ ಗಾಲಿ ಮಾಡುವ ಬಡಿಗ, ಅವ್ವ ತಂಬಾಕಿನ ವಖಾರಿಯಲ್ಲಿ ಜರಡಿ ಹಿಡಿಯುವವಳು. ಶಾಲೆ ಬಿಟ್ಟ ಮೇಲೆ ನಾನೂ ಅವಳ ಬೆನ್ನಿಗೆ ಹೋದೆ. ಮೂಗಿಗೆ ಸೆರಗು ಕಟ್ಟಿಕೊಂಡರೂ ತಂಬಾಕಿನ ಧೂಳು ಎಲ್ಲಿಂದಲೋ ದಾರಿ ಮಾಡಿಕೊಂಡು ಒಳಗೆ ಬರುತ್ತಿತ್ತು. ವಖಾರಿಯ ಹೆಣ್ಣುಮಕ್ಕಳು ಸೀನುವುದೇ ಬೇರೆ. ಒಂದಕ್ಕೆ ನಿಲ್ಲುವುದಿಲ್ಲ, ಏಳೆಂಟು ಸೀನು, ಒಂದರ ಹಿಂದೆ ಒಂದು, ಹೊಲಿಗೆ ಮಷಿನ್ನು ಓಡಿದ ಹಾಗೆ. ನನ್ನ ಮದುವೆಯಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ಹೆಣ್ಣಿನ ಕಡೆಯವರೆಲ್ಲ ಕೂಡಿ ಸೀನಿದರೆಂದು ನಮ್ಮತ್ತೆ ಸಾಯುವ ತನಕ ಆಡಿಕೊಂಡರು. ಹಾಗೆ ಸೀನಿದವರು ಯಾರೂ ಒಂದು ಬೀಡಿಯನ್ನೂ ಸೇದಿದವರಲ್ಲ. ನಮ್ಮಣ್ಣನೂ ಸೇದುವವನಲ್ಲ. ಸೇದದವನು ಪೈಪು ಮಾಡಲಿಕ್ಕೆ ಯಾಕೆ ಹೋದ ಎಂದರೆ, ಅದಕ್ಕೆ ನಮ್ಮೂರ ಸುಬೇದಾರ ಕಾಕಾ ಕಾರಣ.

ಅಪ್ಪ ತೀರಿದ ಮೇಲೆ ಅಣ್ಣ ನಿಪ್ಪಾಣಿ ಬಿಟ್ಟು ಕರೋಶಿಗೆ, ನಮ್ಮ ಮೂಲ ಊರಿಗೆ, ಬಂದು ಕೂತ. ಬಂಡಿಗಳು ಕಡಿಮೆಯಾಗಿ ಟ್ರ್ಯಾಕ್ಟರ್ ಬಂದಿದ್ದವು, ಗಾಲಿ ಕೇಳುವವರಿರಲಿಲ್ಲ. ಕಿಟಕಿ, ಬಾಗಿಲು, ಕುಂಟೆಯ ಹಿಡಿಕೆ ಎಂದು ಏನೋ ನಡೆದಿತ್ತು. ಸುಬೇದಾರ ಕಾಕಾ ಮಿಲಿಟರಿಯಿಂದ ನಿವೃತ್ತಿಯಾಗಿ ಬರುವಾಗ ಒಂದು ಪರದೇಶದ ಪೈಪು ತಂದಿದ್ದರು. ಯಾವನೋ ಸಾಹೇಬ ಕೊಟ್ಟದ್ದಂತೆ. ಅದನ್ನು ಬಾಯಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತರೆ ಊರಿಗೆ ಊರೇ ಸಾವಧಾನದಲ್ಲಿ ನಿಂತಂತೆ ಅವರಿಗೆ ಅನಿಸುತ್ತಿತ್ತೋ ಏನೋ. ಒಂದು ದಿನ ಅದು ಕೈಜಾರಿ ಬಿದ್ದು ಸೀಳಿತು. ದುರಸ್ತಿ ಮಾಡಿಕೊಡು ಎಂದು ಅಣ್ಣನ ಕೈಗೆ ಕೊಟ್ಟರು.

ಅಣ್ಣ ಅದನ್ನು ಗರಗಸದಿಂದ ಉದ್ದಕ್ಕೆ ಎರಡು ಹೋಳು ಮಾಡಿದ.

ಕಾಕಾ ಬಂದು ನೋಡಿದರೆ ಹಲಗೆಯ ಮೇಲೆ ಪೈಪು ಬದನೆಕಾಯಿ ಸೀಳಿದ ಹಾಗೆ ಬಿದ್ದಿತ್ತು. "ಕಲ್ಲಪ್ಪಾ, ದುರಸ್ತಿ ಮಾಡು ಅಂದಿದ್ನೋ, ಪೋಸ್ಟ್‌ಮಾರ್ಟಮ್ ಮಾಡು ಅಂದಿದ್ನೋ?" ಎಂದು ಕೇಳಿದರಂತೆ.

"ಒಳಗ ನೋಡಲಾರದ ಹೊರಗ ಹೆಂಗ ಮಾಡ್ಲಿರಿ ಕಾಕಾ?" ಎಂದು ಇವನು ತಲೆ ಎತ್ತದೆ ಹೇಳಿದನಂತೆ.

ನಮ್ಮಣ್ಣ ಹೀಗೆಯೇ. ಅವನ ಜೊತೆ ಬಾಳುವುದು ಎಷ್ಟು ತ್ರಾಸಿನದೆಂದು ಅವನ ಹೆಂಡತಿಯನ್ನು, ನಮ್ಮ ವೈನಿಯನ್ನು, ಕೇಳಬೇಕು. ಆ ಎರಡು ಹೋಳನ್ನು ಇಟ್ಟುಕೊಂಡು ಅವನು ಒಂದು ತಿಂಗಳು ನೋಡಿದ. ತಂಬಾಕು ತುಂಬುವ ಗುಂಡಿ ಎಷ್ಟು ಆಳ, ಅದರ ಗೋಡೆ ಎಷ್ಟು ದಪ್ಪ, ಹೊಗೆ ಬರುವ ತೂತು ಎಲ್ಲಿ ಬಂದು ಸೇರುತ್ತದೆ. ಎಲ್ಲ ಗುಟ್ಟು ಆ ಸೇರುವ ಜಾಗದಲ್ಲಿದೆಯಂತೆ. ತೂತು ಗುಂಡಿಯ ತಳಕ್ಕೆ ಸರಿಯಾಗಿ ಬಂದು ಬೀಳಬೇಕು. ಒಂದು ಜೋಳದ ಕಾಳಿನಷ್ಟು ಮೇಲಾದರೆ ಅಡಿಯ ತಂಬಾಕು ಹಸಿ ಉಳಿದು ಗೊರಗೊರ ಎನ್ನುತ್ತದೆ. ಅಣ್ಣ ಹಳೆಯ ಅರವನ್ನು ಸಾಣೆ ಹಿಡಿದು ತೂತು ಕೊರೆಯುವ ಬೈರಿಗೆಗೆ ತಕ್ಕ ಅಲಗು ತಾನೇ ಮಾಡಿಕೊಂಡ. ಕೊರಡನ್ನು ಎರಡು ಪಾದಗಳ ನಡುವೆ ಹಿಡಿದು ಮೊದಲು ಹೊಗೆಯ ತೂತು, ಆಮೇಲೆ ಗುಂಡಿ. ಗುಂಡಿ ಕೊರೆಯುತ್ತ ಕೊರೆಯುತ್ತ ಆ ತೂತಿನೊಳಗೆ ಒಂದು ತಂತಿ ತೂರಿಸಿ ನೋಡುವುದು. ತಳದಲ್ಲಿ ತಂತಿಯ ಮೂಗು ಕಂಡಿತೋ, ಅಲ್ಲಿಗೆ ಬೈರಿಗೆ ನಿಲ್ಲಬೇಕು. ಇನ್ನೊಂದು ಸುತ್ತು ತಿರುವಿದರೆ ಕೆಟ್ಟಿತು. ಎಷ್ಟೋ ಕೊರಡುಗಳು ಆ ಇನ್ನೊಂದು ಸುತ್ತಿನಲ್ಲಿ ಕೆಟ್ಟವು. ಅವೆಲ್ಲ ವೈನಿಯ ಒಲೆಗೆ ಹೋದವು.

ಕೋಡಿನ ಕಥೆ ಕೇಳಬೇಡಿ. ಐನಾಪುರದಿಂದ ಎಮ್ಮೆಯ ಕೋಡು ತಂದು, ಸೈಕಲ್ಲಿನ ಗಾಲಿಯ ಕಡ್ಡಿಯನ್ನು ಕೆಂಪಗೆ ಕಾಸಿ ತೂತು ಕೊರೆಯುತ್ತಿದ್ದ. ಕೋಡು ಸುಟ್ಟ ನಾತಕ್ಕೆ ಓಣಿಯ ನಾಯಿಗಳೆಲ್ಲ ಬಂದು ಬಾಗಿಲಿಗೆ ಕೂಡುತ್ತಿದ್ದವು. "ಈ ಮನ್ಯಾಗ ದೇವರ ಮುಂದ ಊದಿನಕಡ್ಡಿ ಹಚ್ಚಿ ಏನ್ ಉಪಯೋಗ ಹೇಳು ಕಸ್ತೂರಿ," ಎಂದು ವೈನಿ ನನ್ನ ಮುಂದೆ ಅಳುವುದೊಂದು ಬಾಕಿ. ಅಣ್ಣನಿಗೆ ಇದಾವುದೂ ಕೇಳಿಸದು. ಗುಂಡಿಯ ಒಳಮೈಗೆ ಇದ್ದಿಲ ಪುಡಿಯನ್ನು ಮಜ್ಜಿಗೆಯಲ್ಲಿ ಕಲಸಿ ತೆಳ್ಳಗೆ ಬಳಿಯುತ್ತ ಕೂತಿರುತ್ತಿದ್ದ. ಹೊಸ ಕಟ್ಟಿಗೆ ಬೆಂಕಿಗೆ ಸುಡದೆ ಇರಲಿಕ್ಕೆ ಅದು. ಹೊರಮೈಗೆ ಜೇನುಮೇಣ ತಿಕ್ಕುವುದು. "ವಾರ್ನಿಸ್ ಹಚ್ಚಿದ್ರ ಬ್ಯಾಡೇನು, ಮಿರಿಮಿರಿ ಮಿಂಚತೈತಿ," ಎಂದು ನಾನೊಮ್ಮೆ ಹೇಳಿದ್ದಕ್ಕೆ, "ಕಟ್ಟಿಗಿಗೆ ಉಸರಾಡಾಕ ಬೇಕಬೇ, ನಿನ್ನ ಹಂಗ," ಎಂದ. ನಾನು ಬಹಳ ಮಾತಾಡುತ್ತೇನೆಂದು ಅವನ ಅರ್ಥ.

ಮೊದಲ ಪೈಪು ಸುಬೇದಾರ ಕಾಕಾನಿಗೆ ಹೋಯಿತು. ನಮ್ಮ ಹೊಲದ ಬದುವಿನಲ್ಲಿ ಗಾಳಿಗೆ ಉರುಳಿದ ಜಾಲಿಯ ಕೊಂಬೆಯದು ಅದು. ಕಾಕಾ ಒಂದು ವಾರ ಸೇದಿ, ಪರದೇಶದ್ದು ಇದರ ಮುಂದೆ ಏನೂ ಅಲ್ಲ ಎಂದರು. ಅವರೇ ಅದನ್ನು ಕೊಲ್ಹಾಪುರದ ಒಬ್ಬ ಅಂಗಡಿಕಾರನಿಗೆ ತೋರಿಸಿದರು. ಇಂಥವು ಹನ್ನೆರಡು ಬೇಕು ಎಂದು ಅವನು ಹೇಳಿ ಕಳಿಸಿದ. ನಮ್ಮಣ್ಣ ಆ ದಿನ ಫೋನು ಮಾಡಿ ನನಗೆ ಹೇಳಿದ್ದು ಒಂದೇ ಮಾತು: "ಕಸ್ತೂ, ಗಾಲಿ ಹೋದ ಮ್ಯಾಲ ನನ್ನ ಕೈಗೆ ಕೆಲಸ ಬಂದದ್ದು ಇದ ಮೊದಲ." ಆಗ ಅವನಿಗೆ ಐವತ್ತು ದಾಟಿತ್ತು.

ಇನ್ನು ನನ್ನ ಪಾಲಿನದನ್ನು ಹೇಳಬೇಕು. ಹೇಳಬೇಕೆಂದೇ ಇಷ್ಟು ಸುತ್ತು ಬಳಸಿ ಬಂದೆ.

ಉರುಳಿದ ಜಾಲಿಯ ಬುಡ ಅಗೆದು ಬೇರಿನ ಗಂಟನ್ನು ಎತ್ತಿ ಅಣ್ಣ ಇಪ್ಪತ್ತಕ್ಕೂ ಹೆಚ್ಚು ಕೊರಡು ಕೊಯ್ದಿದ್ದ. ಬೇರಿನ ಗಂಟಿನಲ್ಲಿ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ, ಬೇಗ ಸೀಳುವುದಿಲ್ಲ. ಹಸಿ ಇರುವಾಗಲೇ ಅವನ್ನು ಹನ್ನೆರಡು ತಾಸು ನೀರಿನಲ್ಲಿ ಕುದಿಸಬೇಕು. ಜಾಲಿಯ ಒಗರು ಕೆಂಪಾಗಿ ಬಿಡುತ್ತದೆ. ಮೂರು ಸಲ ನೀರು ಬದಲಿಸಬೇಕು. ಆಮೇಲೆ ತುದಿಗಳಿಗೆ ಸಗಣಿ ಬಳಿದು, ಜೋಳದ ಚೀಲದೊಳಗೆ ಹೂತಿಟ್ಟು ಎರಡು ವರ್ಷ ನೆರಳಲ್ಲಿ ಒಣಗಿಸಬೇಕು. ಎರಡು ವರ್ಷ. ಅಂಗಡಿಕಾರ ಕಾಯಲು ಒಪ್ಪಿದ್ದ, ಅದು ಬೇರೆ ಮಾತು. ಆದರೆ ವೈನಿ ಒಪ್ಪಲಿಲ್ಲ. ಮೊದಲ ಕೊಂಬೆ ಕುದಿಸಿದಾಗ ಸ್ನಾನದ ಹಂಡೆ ಕರ್ರಗಾಗಿತ್ತಂತೆ. ಇನ್ನೊಮ್ಮೆ ತನ್ನ ಹಂಡೆಗೆ ಕೈ ಹಚ್ಚಿದರೆ ತವರಿಗೆ ಹೋಗುತ್ತೇನೆಂದಳು. ಆಗ ಅಣ್ಣ ಹನ್ನೆರಡು ಕೊರಡುಗಳನ್ನು ಗೋಣಿಚೀಲದಲ್ಲಿ ಕಟ್ಟಿ ನನ್ನ ಮನೆಗೆ ತಂದ.

"ಕಸ್ತೂ, ನಿನ್ನ ಮ್ಯಾಲ ಬಿಡತೀನಿ. ಹನ್ನೆರಡ ತಾಸು. ಮೂರ ನೀರು. ಮರಿಬ್ಯಾಡ."

"ಮೂರ ಯಾಕಣ್ಣಾ, ಒಂದರಾಗ ಕುದಸಿದ್ರ ಆಗೂದಿಲ್ಲೇನು?"

"ಅರಿವಿ ಒಗದು ಒಂದs ನೀರಾಗ ಹಿಂಡಿ ಹಾಕತೀಯೇನು ನೀ?"

ಅದು ನಮ್ಮ ಗಾಣದ ಹಂಗಾಮಿನ ಕೊನೆಯ ವಾರ. ಕಬ್ಬು ಹೇರುವವರಿಗೆ ಚಹಾ, ಒಲೆಗೆ ಕಬ್ಬಿನ ಒಣ ರವದಿ ಹಾಕುವವರಿಗೆ ರೊಟ್ಟಿ, ಬೆಲ್ಲ ಸುರಿಯುವವರಿಗೆ ಮತ್ತೆ ಚಹಾ. ನನಗೆ ಸೊಂಟ ನೆಟ್ಟಗೆ ಮಾಡಲು ಪುರುಸೊತ್ತಿಲ್ಲ. ಇದರಲ್ಲಿ ಕಟ್ಟಿಗೆ ಕುದಿಸಲಿಕ್ಕೆ ಕಟ್ಟಿಗೆ ಉರಿಸುತ್ತ ಹನ್ನೆರಡು ತಾಸು ಹಂಡೆಯ ಮುಂದೆ ಕೂಡಬೇಕಂತೆ. ಗೋಣಿಚೀಲ ನಾಲ್ಕು ದಿನ ಅಂಗಳದಲ್ಲೇ ಬಿದ್ದಿತ್ತು. ಅದನ್ನು ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಐದನೇ ದಿನ ಮಧ್ಯಾಹ್ನ ಹಂಗಾಮಿನ ಕೊನೆಯ ಪಾಕ ಇಳಿಸಿದರು. ಪಾಕ ಇಳಿಸಿದ ಮೇಲೆ ಒಲೆ ಆರುವ ತನಕ ಕೊಪ್ಪರಿಗೆ ಸುಟ್ಟುಹೋಗಬಾರದೆಂದು ಅದರೊಳಗೆ ನೀರು ಸುರಿಯುತ್ತಾರೆ. ನೋಡಿದೆ. ಇಷ್ಟು ದೊಡ್ಡ ಕೊಪ್ಪರಿಗೆ, ಇಷ್ಟು ನೀರು, ಪುಕ್ಕಟೆ ಬೆಂಕಿ. ಗೋಣಿಚೀಲವನ್ನು ಎತ್ತಿ ಅದರೊಳಗೆ ಇಳಿಸಿಬಿಟ್ಟೆ.

ಕೊಪ್ಪರಿಗೆಯ ಅಂಚಿಗೆಲ್ಲ ಬೆಲ್ಲ ಅಂಟಿಕೊಂಡಿತ್ತು. ಅದು ಕರಗಿತು. ನೀರು ಬತ್ತುತ್ತ ಬಂದು ಬೆರಳಿಗೆ ಎಳೆ ಬರುವಷ್ಟಾಯಿತು. ನಮ್ಮ ಯಜಮಾನರು ಬಂದು ಇಣುಕಿದರು. "ಏನ ಇದು, ಕಟ್ಟಿಗಿ ಮುರಬ್ಬಾ ಮಾಡಾಕತ್ತೀಯೇನು?" ಎಂದರು. ನಾನು ತೇಲುತ್ತಿದ್ದ ಚೀಲವನ್ನು ಕೋಲಿನಿಂದ ಒಳಗೆ ಒತ್ತಿದೆ. "ನಿಮ್ಮ ಅಣ್ಣ-ತಂಗಿ ನಡುವ ನಾ ಬರೂದಿಲ್ಲಪಾ," ಎಂದು ಹೋಗಿಬಿಟ್ಟರು. ಸಂಜೆಗೆ ತೆಗೆದು ಹೊರಮೈ ತೊಳೆದು ಒರೆಸಿದೆ. ಎಲ್ಲ ಸೇರಿ ನಾಲ್ಕೈದು ತಾಸು. ನೀರು ಬದಲಿಸಿದ್ದು ಒಂದು ಸಲವೂ ಇಲ್ಲ.

ಕೊರಡುಗಳು ಚಂದ ಕಾಣುತ್ತಿದ್ದವು. ಅದೇ ನನ್ನ ದುರ್ದೈವ. ಹುರಿದ ಕೊಬ್ಬರಿಯ ಬಣ್ಣ, ಮೇಲೆ ಒಂದು ಮಿಂಚು. ಅಣ್ಣ ಬಂದವನು ಒಂದನ್ನು ಅಂಗೈಯಲ್ಲಿ ಹೊರಳಿಸುತ್ತ ನಿಂತ. "ಮೂರ ನೀರ ಬದಲಿಸಿದ್ದಿ ಅಲ್ಲಾ?" ಎಂದ.

"ಮೂರೂ ಬದಲಿಸೇನಿ," ಎಂದೆ.

"ಅದಕ್ಕs ಈ ಬಣ್ಣ ಬಂದೈತಿ. ನಿನ್ನ ವೈನಿ ಕೈಲೆ ಇದು ಆಗತಿರಲಿಲ್ಲ."

ಹೊಗಳಿಕೆ ಬಂದು ಕೂತ ಮೇಲೆ ಸುಳ್ಳನ್ನು ಎಬ್ಬಿಸುವುದು ಹೇಗೆ? ಅವನು ಚಹಾ ಕುಡಿದು ಹೋದ.

ಎರಡು ವರ್ಷ ಒಣಗಿದವು. ಒಂದೂ ಸೀಳಲಿಲ್ಲ. ಸಕ್ಕರೆ ಹಿಡಿದ ಕಟ್ಟಿಗೆ ಸೀಳುವುದಿಲ್ಲವೆಂದು ಈಗ ನನಗೆ ಅನಿಸುತ್ತದೆ. ಆಗ ಅಣ್ಣನಿಗೆ ಅದು ತನ್ನ ಸಗಣಿಯ ಮಹಿಮೆ ಅನಿಸಿತು. ಜೋಳದ ಚೀಲಕ್ಕೆ ಇರುವೆ ಬರುತ್ತವೆಂದು ವೈನಿ ಒಂದೆರಡು ಸಲ ಗೊಣಗಿದಳು, ಬೇವಿನ ಸೊಪ್ಪು ಹಾಕಿದಳು. ನಾನು ಕೇಳಿಯೂ ಕೇಳದಂತಿದ್ದೆ. ಅಣ್ಣ ಹನ್ನೆರಡೂ ಪೈಪು ಮಾಡಿ ಮುಗಿಸಿದ. ಒಂದೂ ಆ ಇನ್ನೊಂದು ಸುತ್ತಿನಲ್ಲಿ ಕೆಡಲಿಲ್ಲ. ಅಂಥ ಕೈ ಅವನಿಗೆ ಅದಕ್ಕೂ ಮೊದಲು ಕೂಡಿ ಬಂದಿರಲಿಲ್ಲ, ಆಮೇಲೆ ಬರಲಿಕ್ಕೆ ಅವನೇ ಬಿಡಲಿಲ್ಲ. ಮಳೆಗಾಲದ ಆರಂಭಕ್ಕೆ ಪೆಟ್ಟಿಗೆ ಕೊಲ್ಹಾಪುರಕ್ಕೆ ಹೋಯಿತು.

ಮೂರು ವಾರಕ್ಕೆ ತಿರುಗಿ ಬಂತು. ಒಳಗೆ ಇರುವೆ ಕಿಕ್ಕಿರಿದಿದ್ದವು. ಯಾರೋ ಒಬ್ಬರು ಒಂದನ್ನು ಸೇದಿ ನೋಡಿದ್ದರಂತೆ. ಗುಂಡಿಯ ಗೋಡೆ ಗುಳ್ಳೆ ಎದ್ದು, ಪಾಕ ಸೀದ ವಾಸನೆ ಬಂದು, ಕೋಡಿನ ತುದಿ ಅಂಟಿಕೊಂಡು ಬಿಚ್ಚಲಿಕ್ಕೆ ಬರಲಿಲ್ಲವಂತೆ. ಅಂಗಡಿಕಾರ ಫೋನಿನಲ್ಲಿ ಮರಾಠಿಯಲ್ಲಿ ಒಂದೇ ಮಾತು ಹೇಳಿದ: "ಪೈಪ್ ಮಾಗಿತಲೇ ಹೋತೇ, ಗೂಳ ನಾಹೀ." ಪೈಪು ಕೇಳಿದ್ದೆ, ಬೆಲ್ಲವನ್ನಲ್ಲ ಎಂದು. ಅಣ್ಣ ಅದನ್ನು ನನಗೆ ಹೇಳುವಾಗ ನಗಲಿಕ್ಕೆ ನೋಡಿದ. ನಗು ಬರಲಿಲ್ಲ. ಪೆಟ್ಟಿಗೆಯನ್ನು ತಿಪ್ಪೆಗೆ ಸುರಿದ. ಅವನು ಒಳಗೆ ಹೋದ ಮೇಲೆ ನಾನು ಒಂದನ್ನು ಆರಿಸಿಕೊಂಡು ಸೆರಗಿನಲ್ಲಿ ಸುತ್ತಿ ತಂದೆ. ಅದೇ ಈ ಮಾಡದಲ್ಲಿರುವುದು.

ಆ ದಿನವೇ ಹೇಳಬಹುದಿತ್ತು. ಹೇಳಬೇಕೆಂದು ದೀಪಾವಳಿಯ ಭಾವುಬೀಜಕ್ಕೆ, ಅಣ್ಣನಿಗೆ ಬೆಳಗುವ ಆರತಿಯ ತಟ್ಟೆ ಹಿಡಿದು ಹೋದೆ ಕೂಡ. ಹೋಗುವುದರೊಳಗೆ ಅಣ್ಣ ಒಂದು ಸಿದ್ಧಾಂತ ಮಾಡಿ ಕೂತಿದ್ದ. ಸುಬೇದಾರ ಕಾಕಾನಿಗೆ ವಿವರಿಸುತ್ತಿದ್ದ: "ಜಾಲಿ ಎಲ್ಲಿತ್ರಿ? ಕಬ್ಬಿನ ಹೊಲದ ಬದುವಿಗೆ. ಬೇರು ಎಲ್ಲಿ ಹೋಗ್ಯಾವ್ರಿ? ಕಬ್ಬಿನ ಬುಡಕ್ಕ. ಇಪ್ಪತ್ತ ವರ್ಷ ಕಬ್ಬಿನ ರಸ ಕುಡದೈತಿ. ಕೊಂಬಿಗೆ ಏರಿಲ್ಲ, ಬೇರಿನ್ಯಾಗs ನಿಂತೈತಿ. ಅದಕ್ಕ ನಿಮ್ಮ ಪೈಪು ಚಲೋ ಆತು, ಇವು ಸಿಹಿ ಆದೂವು."

ಕಾಕಾ ಬಹಳ ಹೊತ್ತು ಹೊಗೆ ಬಿಟ್ಟು, "ಬರೋಬ್ಬರಿ ಐತಿ. ಆಸಾಮದಾಗ ನಾ ಇಂಥಾ ಗಿಡಾ ನೋಡೇನಿ," ಎಂದರು.

ಆಸ್ಸಾಮಿನಲ್ಲಿ ಅವರು ಏನು ನೋಡಿದ್ದರೋ ನಾನರಿಯೆ. ಆ ಇಬ್ಬರು ಜಾಣರ ನಡುವೆ ಕೂತು ಇದು ಕೊಪ್ಪರಿಗೆಯ ಬೆಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಆರತಿ ಎತ್ತಿ, ಅವನು ಕೊಟ್ಟ ಸೀರೆ ಉಡಿಯಲ್ಲಿ ಹಾಕಿಕೊಂಡು ಬಂದೆ. ಆಮೇಲೆ ಆ ಸಿದ್ಧಾಂತ ಬೆಳೆಯುತ್ತ ಹೋಯಿತು. ಕಬ್ಬಿಲ್ಲದ ನೆಲದ ಜಾಲಿ ಬೇಕೆಂದು ಅಣ್ಣ ಅಥಣಿಯ ಕಡೆ, ರಾಯಬಾಗದ ಕಡೆ ತಿರುಗಿದ. ಕಂಡವರ ಹೊಲದ ಜಾಲಿಯ ಬೇರನ್ನು ಕೆತ್ತಿ ನಾಲಿಗೆಗೆ ಹಚ್ಚಿ ನೋಡುತ್ತಿದ್ದನಂತೆ. ಒಬ್ಬ ರೈತ ಪಾಪ, "ಹಲ್ಲ ನೋಯಾಕತ್ತಾವೇನ್ರಿ?" ಎಂದು ಕೇಳಿ ಲವಂಗ ಕೊಟ್ಟು ಕಳಿಸಿದ. ಈ ಕಥೆಯನ್ನು ವೈನಿ ಹೇಳಿದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು ಮನೆಗೆ ಬಂದು ಎರಡು ದಿನ ಯಾರ ಮೇಲೆಂದಿಲ್ಲ, ಪಾತ್ರೆಗಳ ಮೇಲೆಲ್ಲ ಸಿಟ್ಟು ತೀರಿಸಿಕೊಂಡೆ.

ಕೊನೆಗೆ ಅಣ್ಣ ಸುಸ್ತಾದ. ಕಟ್ಟಿಗೆಯ ಒಳಗು ತನಗೆ ತಿಳಿಯಲಿಲ್ಲ ಎಂದ. ಗಾಲಿ ಮಾಡುವವನ ಮಗನಿಗೆ ಕಟ್ಟಿಗೆ ತಿಳಿಯಲಿಲ್ಲ ಎಂದರೆ ಆಮೇಲೆ ಉಳಿಯುವುದೇನು? ಚಿಕ್ಕೋಡಿಯ ಒಂದು ಫರ್ನಿಚರ್ ಅಂಗಡಿಯಲ್ಲಿ ಪ್ಲೈವುಡ್ಡಿಗೆ ಸನ್‌ಮೈಕಾ ಅಂಟಿಸುವ ಕೆಲಸಕ್ಕೆ ಹೋಗತೊಡಗಿದ. ಬೈರಿಗೆಗೆ ಎಣ್ಣೆ ಹಚ್ಚಿ ಅಟ್ಟಕ್ಕೆ ಏರಿಸಿದ. ಬೇರಿನ ಉಳಿದ ಕೊರಡುಗಳೂ, ಕುದಿಸದೆ ಬಿಟ್ಟವು, ಸಗಣಿ ಮೆತ್ತಿಕೊಂಡು ಅಲ್ಲೇ ಕೂತವು.

ಈಗ ಈ ಮಳೆಗಾಲ. ಮೊನ್ನೆ ನಾನು ಮಾಡದ ಮುಂದೆ ನಿಂತು ಇರುವೆಗಳನ್ನು ಬೈಯುತ್ತಿರುವಾಗ ವೈನಿಯ ಫೋನು ಬಂತು.

"ಕಸ್ತೂರಿ, ನಿನಗ ಒಣಾ ಕಟ್ಟಿಗಿ ಬೇಕೇನು? ಅಟ್ಟದ ಮ್ಯಾಲಿನ ಜಾಲಿ ಕೊಳ್ಡು ಬಚ್ಚಲ ಒಲಿಗೆ ಹಾಕು ಅಂದಾರ ನಿಮ್ಮಣ್ಣ. ನಾಳಿಂದ ಹಚ್ಚಾಕಿ ನಾ. ಬೈರಿಗಿ, ಉಳಿ ಎಲ್ಲಾ ಗುಜರಿಯವಗ ಹೇಳ್ಯಾರ. ನಿನಗ ಬೇಕಂದ್ರ ಒಂದ ಚೀಲ ತಗದಿಡತೀನಿ."

ಕಟ್ಟಿಗೆ ನನಗೇ ಕೊಡುತ್ತಿದ್ದಾಳೆ. ಮರುದಿನ ಮೊದಲ ಬಸ್ಸಿಗೆ ಹೊರಟೆ. ಪೈಪನ್ನು ಇರುವೆ ಸಮೇತ ಡಬ್ಬಿಗೆ ಹಾಕಿಕೊಂಡೆ. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸುವಾಗ ತಿರುಗಿ ಹೋಗಿಬಿಡೋಣ ಎನಿಸಿತು. ಕರೋಶಿಯ ಬಸ್ಸು ಎಂದೂ ಹೊತ್ತಿಗೆ ಬರುವುದಿಲ್ಲ. ಅಂದು ಬಂದು ನಿಂತಿತ್ತು.

ಅಣ್ಣ ಕಟ್ಟೆಯ ಮೇಲೆ ದಾಡಿ ಮಾಡಿಕೊಳ್ಳುತ್ತಿದ್ದ. ರವಿವಾರ, ಅಂಗಡಿ ರಜೆ. ನಿಂತುಕೊಂಡೇ ಎಲ್ಲ ಹೇಳಿದೆ. ಕೊಪ್ಪರಿಗೆ, ಬೆಲ್ಲದ ನೀರು, ನಾಲ್ಕು ತಾಸು, ಸುಳ್ಳು. ಹೇಳುವಾಗ ಅಳುತ್ತೇನೆಂದುಕೊಂಡಿದ್ದೆ. ಅವಸರದಲ್ಲಿ ಅಳುವುದು ಆಗಲಿಲ್ಲ.

ಅಣ್ಣ ಕೆನ್ನೆಯ ನೊರೆ ಒರೆಸಿಕೊಂಡ. "ನಿನ್ನ ವೈನಿ ಫೋನ್ ಮಾಡಿದ್ಲೇನು?" ಎಂದ. "ನನ್ನ ಸಮಾಧಾನಕ್ಕ ಹೇಳಾಕತ್ತೀ. ಸಣ್ಣಾಕಿ ಇದ್ದಾಗಿಂದ ನೀ ಹಿಂಗ. ಕುಂಡ್ರು, ಚಾ ಕುಡಿ."

ನೀವೇ ಹೇಳಿ, ಇಂಥವನಿಗೆ ಏನು ಮಾಡಬೇಕು? ಎಂಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಒದ್ದಾಡಿದ ತಪ್ಪನ್ನು ತಂದು ಮುಂದಿಟ್ಟರೆ, ಅದು ನನ್ನದಲ್ಲವಂತೆ.

"ಅಣ್ಣಾ, ದೇವರಾಣಿ, ನಾನs ಮಾಡೇನಿ."

"ಬೇರಿನ್ಯಾಗ ಸಿಹಿ ಇತ್ತಬೇ. ಕಾಕಾನೂ ಹೇಳ್ಯಾರ."

"ಕಾಕಾಗ ಏನ್ ಗೊತ್ತು?"

ಒಳಗಿನಿಂದ ವೈನಿ ಬಂದಳು. ಬಾಗಿಲಿಗೆ ನಿಂತು ಎಲ್ಲ ಕೇಳಿದ್ದಳು. "ಅಕಿನs ಮಾಡ್ಯಾಳ್ರಿ," ಎಂದಳು ಗಂಡನಿಗೆ. "ಮಕ್ಕಳ ತಲಿಗೆ ಹಾಕೂ ಕುಂಚಗಿ ಹೊಲ್ಯಾಕ ಕೊಟ್ಟಾಗ ಅಂಟ ಹಚ್ಚಿ ಕೊಟ್ಟಾಕಿ ಅಕಿ. ನಂಗ ಅನುಮಾನ ಇಲ್ಲ." ಮೊದಲ ಸಲ ನನಗೆ ವೈನಿಯ ಮೇಲೆ ಪ್ರೀತಿ ಉಕ್ಕಿತು.

ಅಣ್ಣ ಪೈಪು ತೆಗೆದುಕೊಂಡು ನಾಲಿಗೆಗೆ ಹಚ್ಚಿ ನೋಡಿದ. ಸಪ್ಪಗಿದೆ ಎಂದ. ಹೊರಮೈಗೆ ಮೇಣವಿದೆ, ಸಪ್ಪಗಿರದೆ ಏನಾಗುತ್ತದೆ? ನಾನೇ ಅಟ್ಟ ಹತ್ತಿದೆ. ಸಗಣಿ ಮೆತ್ತಿದ ಒಂದು ಕೊರಡು ತಂದು, ತೊಳೆದು ಒರೆಸಿ, ಅಂಗಳದ ಕಲ್ಲಿನ ಮೇಲೆ ಇಟ್ಟೆ. ಪಕ್ಕದಲ್ಲಿ ಪೈಪು ಇಟ್ಟೆ.

"ಎರಡೂ ಒಂದs ಬೇರಿನೂವು ಹೌದಲ್ಲೋ? ಎರಡೂ ಕಬ್ಬಿನ ರಸ ಕುಡದಿರಬೇಕು ಹೌದಲ್ಲೋ? ನೋಡು ಮತ್ತ."

ನಾವು ಮೂವರೂ ಅಂಗಳದಲ್ಲಿ ಕೂತೆವು. ಚಹಾ ತಣ್ಣಗಾಯಿತು. ಗೋಡೆಯ ಬಿರುಕಿನಿಂದ ಒಂದು ಇರುವೆ ಬಂತು, ಹೋಯಿತು. ಆಮೇಲೆ ನಾಲ್ಕು ಬಂದವು. ಅವು ಕೊರಡಿನ ಮೇಲೆ ಹತ್ತಿ, ಆ ತುದಿಯಿಂದ ಈ ತುದಿಗೆ ನಡೆದು, ಇಳಿದು, ಪೈಪಿಗೆ ಹೋದವು. ಸ್ವಲ್ಪ ಹೊತ್ತಿಗೆ ಬಿರುಕಿನಿಂದ ಪೈಪಿನ ತನಕ ಕಪ್ಪು ದಾರ ಎಳೆದಂತೆ ಸಾಲು ಬಂತು. ಕೊರಡನ್ನು ಅವು ಕಲ್ಲಿನಂತೆ ದಾಟಿ ಹೋಗುತ್ತಿದ್ದವು. ಮನೆಯಲ್ಲಿ ನಾನು ಆರು ವರ್ಷ ಶಪಿಸಿದ ಇರುವೆಗಳ ಜಾತಿಯವೇ ಇವು. ಆ ಹೊತ್ತು ಅವಕ್ಕೆ ಕೈ ಮುಗಿಯುವಂತಾಯಿತು.

ಅಣ್ಣ ಬಾಗಿ ಆ ಸಾಲನ್ನು ಬಿರುಕಿನಿಂದ ಪೈಪಿನ ತನಕ ನೋಡಿದ. ಕೆನ್ನೆಯ ಅರ್ಧ ದಾಡಿ ಹಾಗೇ ಉಳಿದಿತ್ತು.

"ಎಷ್ಟ ಸಲ ನೀರ ಬದಲಿಸಿದ್ದಿ?" ಎಂದ, ನನ್ನ ಕಡೆ ನೋಡದೆ.

"ಒಂದೂ ಇಲ್ಲ."

"ಅಥಣಿ ತನಕ ಹೋಗಿ ಬೇರ ನೆಕ್ಕಿ ಬಂದ್ನಲ್ಲಬೇ ನಾ."

ಅವನು ಎದ್ದು ಒಳಗೆ ಹೋದ. ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು. ಅಟ್ಟದ ಮೇಲೆ ಸಪ್ಪಳವಾಯಿತು. ಉಳಿದ ಕೊರಡುಗಳನ್ನೆಲ್ಲ ಬುಟ್ಟಿಯಲ್ಲಿ ತಂದು ಅಂಗಳದಲ್ಲಿ ಸುರಿದ. ಕಲ್ಲಿನ ಮೇಲಿದ್ದ ಪೈಪನ್ನು ತಿರುಗಿ ನನ್ನ ಡಬ್ಬಿಗೆ ಹಾಕಿದ. ಗುಜರಿಯವನಿಗೆ ಫೋನು ಮಾಡಿ ಬರಬೇಡ ಎಂದ. ಆಮೇಲೆ ಹೆಂಡತಿಗೆ, "ಹಂಡೆ ಕೊಡು," ಎಂದ. ವೈನಿ ನನ್ನ ಮುಖ ನೋಡಿದಳು, ಹಂಡೆಯ ಮುಖ ನೋಡಿದಳು, ಕೊಟ್ಟಳು.

"ನಾಳಿ ಮುಂಜಾನೆ ಆರಕ್ಕ ಹಚ್ಚು," ಎಂದ ನನಗೆ. "ಒಣಗಿದ್ದನ್ನ ಕುದಿಸಿದ್ರ ಮತ್ತ ಎರಡ ವರ್ಷ ಒಣಗಸಬೇಕು. ಆಗಲಿ."

ಅದಷ್ಟೇ ಮಾತು. ಮರುದಿನ ಬೆಳಿಗ್ಗೆ ಆರರಿಂದ ನಾನು ಬಚ್ಚಲ ಒಲೆಯ ಮುಂದೆ ಕೂತೆ. ಅವನು ಕೆಲಸಕ್ಕೆ ಹೋಗಲಿಲ್ಲ. ಕಟ್ಟೆಯ ಮೇಲೆ ನನಗೆ ಬೆನ್ನು ಮಾಡಿ ಕೂತು ಬೈರಿಗೆಯ ಅಲಗುಗಳನ್ನು ಒಂದೊಂದಾಗಿ ಸಾಣೆ ಹಿಡಿಯುತ್ತಿದ್ದ. ಮೊದಲ ನೀರು ಕುಂಕುಮ ಕದಡಿದಷ್ಟು ಕೆಂಪಾಯಿತು. ಚೆಲ್ಲಿ ಬೇರೆ ನೀರು ಹಾಕಿದೆ. ಎರಡನೆಯದು ಚಹಾದ ಬಣ್ಣ. ಅದನ್ನೂ ಚೆಲ್ಲಿದೆ. ಹೊಗೆಗೆ ಕಣ್ಣು ಉರಿದವು, ವಖಾರಿಯ ಹಳೆಯ ಸೀನು ನೆನಪಾಗಿ ಎಂಟು ಸಲ ಸೀನಿದೆ. ಮೂರನೆಯದು ಮಧ್ಯಾಹ್ನ ದಾಟಿದ ಮೇಲೆ ತಿಳಿಯಾಗುತ್ತ ಬಂತು. ಅದನ್ನೂ ಬದಲಿಸಿದೆ. ಸೊಂಟ ಬಿದ್ದುಹೋಗಿತ್ತು. ಎದ್ದು ಹೋಗಿ ಒಂದು ಚೂರು ಅಡ್ಡಾಗಬೇಕೆಂದು ಮನಸ್ಸು ಹೇಳುತ್ತಿತ್ತು. ಅದೇ ಮನಸ್ಸು, ಅದೇ ನಾನು. ಎಂಟು ವರ್ಷದಲ್ಲಿ ಏನೂ ಸುಧಾರಿಸಿಲ್ಲ. ಆದರೆ ಕೂತೆ.

ಸಂಜೆ ಐದರ ಹೊತ್ತಿಗೆ ಕಟ್ಟೆಯ ಕಡೆಯಿಂದ ಸಾಣೆಯ ಸಪ್ಪಳ ನಿಂತಿತು.

"ಮೂರನೇ ನೀರ ಬದಲಿಸಿದಿ?" ಎಂದ.

"ಬದಲಿಸೇನಿ," ಎಂದೆ.

ಅವನು ಎದ್ದು ಬಂದ. ಹಂಡೆಯ ಮುಚ್ಚಳ ತೆಗೆದು, ಹಬೆ ಸರಿಯುವ ತನಕ ಕಾದು, ಒಳಗೆ ಬಾಗಿ ನೋಡಿದ. ಸೌಟಿನಲ್ಲಿ ಒಂದಿಷ್ಟು ನೀರು ತೆಗೆದು ಆರಿಸಿ ನಾಲಿಗೆಗೆ ಹಚ್ಚಿಕೊಂಡ. ಮುಚ್ಚಳ ಮುಚ್ಚಿದ.

"ಇನ್ನೊಂದ ನೀರು," ಎಂದ.

ಮೂರೇ ಎಂದು ಹೇಳಿದವನು ಅವನೇ. ಆ ಮಾತು ಬಾಯಿತನಕ ಬಂದಿತ್ತು. ಕೊಡ ಎತ್ತಿಕೊಂಡು ನಳದ ಕಡೆಗೆ ಹೋದೆ.